ತುಳಿದವರ ಮಕ್ಕಳು ಓದಿದ ಕಾದಂಬರಿ

ಟೋಕಿಯೊದ ಪಶ್ಚಿಮ ಅಂಚಿನ ಚೋಫು ಪಟ್ಟಣದಲ್ಲಿ ಸಲೇಸಿಯನ್ ಪಾದ್ರಿಗಳ ಸೆಮಿನರಿಯೊಂದಿದೆ. ಅದರ ಆವರಣದಲ್ಲಿ ಬೇರೆಡೆಯಿಂದ ತಂದು ನಿಲ್ಲಿಸಿದ ಹಳೆಯ ಸಮಾಧಿಕಲ್ಲು. ಮೈಮೇಲೆ ಕೆತ್ತಿರುವುದು ಬೌದ್ಧರು ತೀರಿಕೊಂಡವರಿಗೆ ಇಡುವ ಮರಣೋತ್ತರ ನಾಮ, ನೆತ್ತಿಯ ಮೇಲೆ ಮಾತ್ರ ಕ್ರೈಸ್ತ ಪಾದ್ರಿಯ ಟೋಪಿಯ ಆಕಾರ. ನೋಡಿದವರು ಒಂದು ಕ್ಷಣ ತಬ್ಬಿಬ್ಬಾಗುವಂಥ ಕಲ್ಲು ಅದು.

ಅದು ಜುಸೆಪ್ಪೆ ಕಿಯಾರಾನದು. ಸಿಸಿಲಿಯ ಈ ಜೆಸ್ವಿಟ್ ಪಾದ್ರಿ, ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ಜಪಾನಿಗೆ 1643ರಲ್ಲಿ ಕದ್ದು ಬಂದಿಳಿದ, ಸಿಕ್ಕಿಬಿದ್ದ, ಚಿತ್ರಹಿಂಸೆಗೆ ಸೋತು ಧರ್ಮ ಬಿಟ್ಟೆನೆಂದ. ಸರ್ಕಾರ ಅವನಿಗೆ ಜಪಾನಿ ಹೆಂಡತಿಯನ್ನೂ ಒಕಾಮೊಟೊ ಸಾನ್‌ಎಮೊನ್ ಎಂಬ ಹೆಸರನ್ನೂ ಕೊಟ್ಟು, ಎದೊ ನಗರದ ‘ಕ್ರೈಸ್ತ ನಿವಾಸ’ವೆಂಬ ಕಾವಲಿನ ಮನೆಯಲ್ಲಿಟ್ಟಿತು. 1685ರಲ್ಲಿ ಅಲ್ಲೇ ಸತ್ತ. ಧರ್ಮ ಬಿಟ್ಟವನ ಕಲ್ಲಿಗೆ ಪಾದ್ರಿಯ ಟೋಪಿ ಏಕೆ? ಒಕಾಮೊಟೊ ಸಾನ್‌ಎಮೊನ್ ಎಂಬ ಹೆಸರನ್ನು ಜಪಾನಿ ಕಾದಂಬರಿಕಾರ ಶುಸಾಕು ಎಂಡೊ ಒಕಾಡಾ ಸಾನ್‌ಎಮೊನ್ ಎಂದು ತುಸು ಬದಲಿಸಿ ತನ್ನ ‘ಸೈಲೆನ್ಸ್’ ಕಾದಂಬರಿಯ ಪಾದ್ರಿ ರೋಡ್ರಿಗಸ್‌ನಿಗೆ ಇಟ್ಟ. 1966ರಲ್ಲಿ ಪುಸ್ತಕ ಹೊರಬಂದಾಗ ಜಪಾನಿನ ಕ್ಯಾಥೊಲಿಕರನ್ನು ಕಲಕಿದ್ದೂ ಈ ಟೋಪಿ ಎಬ್ಬಿಸುವ ಪ್ರಶ್ನೆಯೇ.

ಕಥೆ ಸ್ಕಾರ್ಸೆಸಿಯ ಸಿನಿಮಾದಿಂದಾಗಿ ಬಹಳ ಜನಕ್ಕೆ ಗೊತ್ತು. ತನ್ನ ಗುರು ಫೆರೇರಾ ಧರ್ಮ ಬಿಟ್ಟನಂತೆ ಎಂಬ ಸುದ್ದಿ ಕೇಳಿ, ಅದನ್ನು ನಂಬಲಾರದೆ ಗೋವಾ ಮತ್ತು ಮಕಾವು ದಾಟಿ ಜಪಾನಿಗೆ ಬರುವ ರೋಡ್ರಿಗಸ್ ಕೊನೆಗೆ ‘ಫುಮಿಯೆ’ಯ ಮೇಲೆ, ಅಂದರೆ ಕ್ರಿಸ್ತನ ಮುಖವಿರುವ ಫಲಕದ ಮೇಲೆ ಕಾಲಿಡುತ್ತಾನೆ. ಅವನು ಕಾಲಿಟ್ಟರಷ್ಟೇ ಹೊಲಸಿನ ಗುಂಡಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿರುವ ರೈತರ ಪ್ರಾಣ ಉಳಿಯುತ್ತದೆ. ಅಷ್ಟೇ ಆಗಿದ್ದರೆ ಓದುಗರು ಮರುಗಿ ಸುಮ್ಮನಾಗುತ್ತಿದ್ದರೇನೋ. ಆದರೆ ಎಂಡೊನ ಕಾದಂಬರಿಯಲ್ಲಿ ಫಲಕದೊಳಗಿನ ಕ್ರಿಸ್ತನೇ ಮಾತಾಡುತ್ತಾನೆ, ತುಳಿಯಲು ಒಪ್ಪಿಗೆ ಕೊಡುತ್ತಾನೆ.

ಆ ವರ್ಷ ಕಾದಂಬರಿಗೆ ತನಿಜಾಕಿ ಪ್ರಶಸ್ತಿ ಬಂತು. ವಿಶ್ವವಿದ್ಯಾಲಯಗಳ ಎಡಪಂಥೀಯ ಹುಡುಗರು ಮುಗಿಬಿದ್ದು ಓದಿದರು. 1930ರ ದಶಕದಲ್ಲಿ ಪೊಲೀಸರ ಒತ್ತಡಕ್ಕೆ ಮಣಿದು ಮಾರ್ಕ್ಸ್‌ವಾದ ತೊರೆದವರ ಸಂಕಟವನ್ನು ಅವರು ರೋಡ್ರಿಗಸ್‌ನಲ್ಲಿ ಕಂಡರು. ನಾಗಾಸಾಕಿಯ ಚರ್ಚುಗಳಲ್ಲಿ ಮಾತ್ರ ಬೇರೆಯೇ ಗಾಳಿ. ಈ ಪುಸ್ತಕ ಓದಬೇಡಿ ಎಂದು ಪಾದ್ರಿಗಳು ಭಕ್ತರನ್ನು ಎಚ್ಚರಿಸಿದರು. ಕೆಲಕಾಲ ಅಲ್ಲಿ ಅದು ನಿಷಿದ್ಧ ಗ್ರಂಥದಂತೆಯೇ ಇತ್ತು.

ಈ ಓದುಗರನ್ನು ಸಂಕುಚಿತರೆಂದು ತಳ್ಳಿಹಾಕುವುದು ಅನ್ಯಾಯ. ನಾಗಾಸಾಕಿಯ ನಿಶಿಜಾಕಾ ಗುಡ್ಡದಲ್ಲಿ 1597ರಲ್ಲಿ ಶಿಲುಬೆಗೇರಿದ 26 ಮಂದಿ ಅವರಿಗೆ ಪಾಠಪುಸ್ತಕದ ಹೆಸರುಗಳಲ್ಲ, ಮನೆಯ ಹಿರಿಯರಿದ್ದಂತೆ. (ಆ 26ರಲ್ಲಿ ಒಬ್ಬ ನಮ್ಮ ನೆರೆಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ.) 1860ರ ದಶಕದ ಕೊನೆಯಲ್ಲಿ ಉರಾಕಾಮಿಯ ಸುಮಾರು 3,400 ಕ್ರೈಸ್ತರನ್ನು ಊರು ಬಿಡಿಸಿ ದೇಶದ ಮೂಲೆಮೂಲೆಗೆ ಗಡೀಪಾರು ಮಾಡಲಾಗಿತ್ತು. 600ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ನಿಷೇಧ ಸಡಿಲವಾದದ್ದು 1873ರಲ್ಲಿ. ಬದುಕುಳಿದವರು ಕಟ್ಟಿಕೊಂಡ ಉರಾಕಾಮಿಯ ಇಗರ್ಜಿಯ ಮೇಲೆಯೇ, ಹೆಚ್ಚುಕಡಿಮೆ, 1945ರ ಆಗಸ್ಟ್ 9ರ ಅಣುಬಾಂಬ್ ಸಿಡಿಯಿತು. ಇಷ್ಟನ್ನು ನುಂಗಿಕೊಂಡ ಸಮುದಾಯದವನ ಕೈಗೆ, ತುಳಿದವನನ್ನೂ ಕ್ರಿಸ್ತ ಕೈಬಿಡಲಿಲ್ಲ ಎನ್ನುವ ಕಾದಂಬರಿ ಬರುತ್ತದೆ. ಹಾಗಾದರೆ ತುಳಿಯದೆ ಸತ್ತ ನಮ್ಮಜ್ಜ ಸತ್ತದ್ದು ಯಾತಕ್ಕೆ ಎಂದು ಅವನು ಕೇಳಿದರೆ ಅದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನಾವುದು?

ಆದರೂ ಒಂದು ತೊಡಕಿದೆ. ಹುತಾತ್ಮರಲ್ಲಿ ಅನೇಕರಿಗೆ ಸಂತಾನ ಉಳಿಯಲಿಲ್ಲ, ಎಷ್ಟೋ ಕಡೆ ಇಡೀ ಕುಟುಂಬಗಳೇ ಅಳಿದವು. ಎರಡೂವರೆ ಶತಮಾನ ಗುಟ್ಟಾಗಿ ನಂಬಿಕೆ ಕಾಪಾಡಿಕೊಂಡು, 1865ರ ಮಾರ್ಚ್ 17ರಂದು ನಾಗಾಸಾಕಿಯ ಓಉರಾ ಚರ್ಚಿಗೆ ಬಂದು ಫ್ರೆಂಚ್ ಪಾದ್ರಿ ಪೆಟಿಜಾನ್‌ನ ಮುಂದೆ ತಾವು ಯಾರೆಂದು ಹೇಳಿಕೊಂಡವರು ತುಳಿದವರ ವಂಶಸ್ಥರು. ನಾಗಾಸಾಕಿಯಲ್ಲಿ ವರ್ಷಕ್ಕೊಮ್ಮೆ ಹೊಸವರ್ಷದ ದಿನಗಳಲ್ಲಿ ಅಧಿಕಾರಿಗಳ ಎದುರು ಫಲಕ ತುಳಿಯಬೇಕಿತ್ತು. 1850ರ ದಶಕದವರೆಗೂ ಇದು ನಡೆಯಿತು. ತುಳಿದು ಮನೆಗೆ ಬಂದವರು ಬಾಗಿಲು ಹಾಕಿ ‘ಕೊಂಚಿರಿಸಾನ್’ ಎಂಬ ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು. ಪಾಪನಿವೇದನೆ ಕೇಳಲು ಪಾದ್ರಿಯೇ ಇಲ್ಲದ ಕಡೆ ಮನಸಾರೆ ಮರುಗಿದರೆ ಕ್ಷಮೆ ಸಿಗುತ್ತದೆಂದು ತಿಳಿಸುವ ಪುಸ್ತಕವೊಂದು 1603ರಲ್ಲೇ ಜಪಾನಿಯಲ್ಲಿ ಸಿದ್ಧವಾಗಿತ್ತು. ಅಚ್ಚಿನ ಪ್ರತಿಗಳು ಹೋದವು, ಕೈಬರಹದ ಪ್ರತಿಗಳು ಮನೆಯಿಂದ ಮನೆಗೆ ದಾಟಿ ಉಳಿದವು. ಎಂಡೊ ಬರೆದ ಇಕ್ಕಟ್ಟನ್ನು ಈ ಮೀನುಗಾರರು, ರೈತರು ಪ್ರತಿವರ್ಷ ಬದುಕಿದ್ದರು.

ಎಂಡೊನನ್ನು ಹಿಡಿದದ್ದೂ ಇವರ ಕಾಲಿನ ಗುರುತೇ. 1960ರ ದಶಕದ ಮೊದಲಿನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಮೂರು ಶಸ್ತ್ರಚಿಕಿತ್ಸೆಗೆ ಒಳಗಾಗಿ ಸಾವಿನ ಬಾಗಿಲಿಗೆ ಹೋಗಿಬಂದಿದ್ದ. ಚೇತರಿಸಿಕೊಂಡ ಮೇಲೆ ನಾಗಾಸಾಕಿಯ ಹಳೆಯ ಬಂಗಲೆಯೊಂದರಲ್ಲಿ ಫುಮಿಯೆ ಕಂಡ. ಲೋಹದ ಕ್ರಿಸ್ತನ ಮುಖ ಸವೆದಿತ್ತು, ಅದನ್ನು ಕೂರಿಸಿದ ಮರದ ಚೌಕಟ್ಟಿನಲ್ಲಿ ಕಾಲ್ಬೆರಳುಗಳ ಕಪ್ಪು ಅಚ್ಚು. ಎಂಥವರ ಕಾಲುಗಳು ಇವು, ಇಡುವಾಗ ಅವರಿಗೆ ಏನನ್ನಿಸಿತು ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಬಾಲ್ಯದಲ್ಲೇ, ತಾಯಿಯ ಇಚ್ಛೆಯಂತೆ ದೀಕ್ಷಾಸ್ನಾನ ಪಡೆದವನು ಎಂಡೊ. ಆ ಧರ್ಮ ತನಗೆ ಬೇರೆಯವರು ತೊಡಿಸಿದ, ಅಳತೆಗೆ ಕೂರದ ಪಾಶ್ಚಾತ್ಯ ಸೂಟಿನಂತಿತ್ತು ಎಂದು ಮತ್ತೆ ಮತ್ತೆ ಹೇಳಿಕೊಂಡ. ಅದನ್ನು ಕಳಚಿ ಎಸೆಯದೆ ತನ್ನ ಮೈಗೆ ಹೊಲಿದುಕೊಳ್ಳುವುದೇ ಅವನ ಜೀವಮಾನದ ಬರವಣಿಗೆಯಾಯಿತು.

ಇನ್ನು ಕಾದಂಬರಿಯ ಕೊನೆಯ ಪುಟಗಳ ವಿಷಯ. ‘ಸೈಲೆನ್ಸ್’ನ ತುದಿಯಲ್ಲಿ, ಕಥೆ ಮುಗಿಯಿತೆನ್ನಿಸಿದ ಮೇಲೆ, ‘ಕ್ರೈಸ್ತ ನಿವಾಸದ ಅಧಿಕಾರಿಯ ದಿನಚರಿ’ ಎಂಬ ಭಾಗ ಬರುತ್ತದೆ. 1672ರಿಂದ ಶುರುವಾಗುವ ಈ ದಿನಚರಿಯನ್ನು ಎಂಡೊ ‘ಸಾಯೊ ಯೊರೊಕು’ ಎಂಬ ನಿಜವಾದ ಸರ್ಕಾರಿ ದಾಖಲೆಯಿಂದ ತೆಗೆದು, ತನಗೆ ಬೇಕಾದಂತೆ ತಿದ್ದಿದ್ದ. ಭಾಷೆ ಹದಿನೇಳನೆಯ ಶತಮಾನದ ಕಚೇರಿ ಭಾಷೆ. ಇಂಥವನಿಗೆ ಇಷ್ಟು ಪಡಿ, ಇಂಥ ದಿನ ಇಂಥವನು ಕಾವಲಿಗೆ ಬಂದ ಎಂಬ ಒಣ ಟಿಪ್ಪಣಿಗಳು. ಜಪಾನಿನ ಓದುಗರಿಗೂ ಅದು ಕಬ್ಬಿಣದ ಕಡಲೆ. ಅನೇಕರು ಅದನ್ನು ಅನುಬಂಧವೆಂದುಕೊಂಡು ಪುಸ್ತಕ ಮುಚ್ಚಿದರು. ಆ ಪುಟಗಳನ್ನು ಯಾರೂ ಸರಿಯಾಗಿ ಓದಲಿಲ್ಲವೆಂಬ ಕೊರಗು ಎಂಡೊನಿಗೆ ಕಡೆತನಕ ಇತ್ತು.

ಕೊರಗಿಗೆ ಕಾರಣವಿದೆ. ದಿನಚರಿಯ ಸಾಲುಗಳ ನಡುವೆ ಎರಡು ಸಂಗತಿ ಅಡಗಿ ಕೂತಿವೆ. ಒಂದು: ವರ್ಷಗಳ ಹಿಂದೆಯೇ ಧರ್ಮ ತೊರೆದ ಸಾನ್‌ಎಮೊನ್‌ನಿಂದ, ತನಗೆ ಆ ಧರ್ಮ ಬೇಡವೆಂಬ ಪತ್ರವನ್ನು ಅಧಿಕಾರಿಗಳು ಮತ್ತೆ ಬರೆಸುತ್ತಿದ್ದಾರೆ. ಒಮ್ಮೆ ಬಿಟ್ಟದ್ದು ನಿಜವಾಗಿದ್ದರೆ ಮತ್ತೇಕೆ ಬರೆಸಬೇಕು? ನಡುವೆ ಎಂದೋ ಅವನು ಮಾತು ಹಿಂತೆಗೆದುಕೊಂಡಿರಬೇಕು. ಇನ್ನೊಂದು: ಅವನ ಸೇವಕನಾಗಿ ಉಳಿದ ಕಿಚಿಜಿರೊನ ಕೊರಳಿನ ತಾಯಿತದ ಚೀಲದಲ್ಲಿ ಕ್ರೈಸ್ತ ಸಂತರ ಬಿಂಬ ಸಿಗುತ್ತದೆ. ಇಡೀ ಕಾದಂಬರಿಯಲ್ಲಿ ಹೆದರಿ, ಹಿಡಿದುಕೊಟ್ಟು, ಅತ್ತು, ಮತ್ತೆ ಕ್ಷಮೆ ಬೇಡುತ್ತ ಬಂದ ಪುಕ್ಕಲ ಕಿಚಿಜಿರೊ! ತಿಳಿದೋ ತಿಳಿಯದೆಯೋ ಅಧಿಕಾರಿ ಇದನ್ನೆಲ್ಲ ಪಡಿಲೆಕ್ಕದ ದನಿಯಲ್ಲೇ ದಾಖಲಿಸುತ್ತಾನೆ. ಲೇಖಕ ತುಟಿ ಬಿಚ್ಚುವುದಿಲ್ಲ. ಕಾದಂಬರಿಕಾರನೊಬ್ಬ ತನ್ನ ಪಾತ್ರದ ನಂಬಿಕೆಯನ್ನು ಶತ್ರುವಿನ ಕಡತದೊಳಗೆ ಬಚ್ಚಿಡುವ ಈ ಧೈರ್ಯಕ್ಕೆ ಸಮನಾದದ್ದು ಆ ದಶಕದ ಕಾದಂಬರಿಗಳಲ್ಲಿ ಹೆಚ್ಚಿಲ್ಲ.

ನಿಜವಾದ ಕಿಯಾರಾನೂ ಅಧಿಕಾರಿಗಳಿಗಾಗಿ ಕ್ರೈಸ್ತ ಮತದ ಬಗ್ಗೆ ಬರೆದುಕೊಟ್ಟಿದ್ದ. ಇಟಲಿಯಿಂದ ಕದ್ದು ಬಂದ ಪಾದ್ರಿ ಸಿದೊತ್ತಿಯನ್ನು 1709ರಲ್ಲಿ ವಿಚಾರಿಸುವ ಮುನ್ನ ವಿದ್ವಾಂಸ ಅರಾಯ್ ಹಾಕುಸೆಕಿ ಓದಿಕೊಂಡದ್ದು ಆ ಬರಹವನ್ನೇ. ಸಿದೊತ್ತಿ ಸತ್ತದ್ದೂ ಅದೇ ಕ್ರೈಸ್ತ ನಿವಾಸದಲ್ಲಿ. 2014ರಲ್ಲಿ ಆ ಜಾಗ ಅಗೆದಾಗ ಸಿಕ್ಕ ಮೂಳೆಗಳು ಅವನವೆಂದು ಡಿಎನ್‌ಎ ಪರೀಕ್ಷೆ ಹೇಳಿತು.

ಸಿಟ್ಟಾದ ಭಕ್ತರೂ ಮೆಚ್ಚಿದ ಎಡಪಂಥೀಯರೂ ಒಂದೇ ಪುಟದಲ್ಲಿ ಪುಸ್ತಕ ಮುಚ್ಚಿದರು ಎಂಬುದು ಯೋಚಿಸಬೇಕಾದ ಸಂಗತಿ. ಇಬ್ಬರಿಗೂ ಅದು ನಂಬಿಕೆ ಸೋತ ಕಥೆಯಾಗಿ ಉಳಿಯಿತು. 1971ರಲ್ಲಿ ಶಿನೊಡಾ ಮಸಾಹಿರೊ ಮಾಡಿದ ಸಿನಿಮಾ ಕೂಡ ಅಲ್ಲೇ ನಿಂತಿತು. 2016ರಲ್ಲಿ ಸ್ಕಾರ್ಸೆಸಿ ಒಂದು ಹೆಜ್ಜೆ ಮುಂದೆ ಹೋಗಿ, ಸತ್ತ ರೋಡ್ರಿಗಸ್‌ನ ಅಂಗೈಯಲ್ಲಿ ಪುಟ್ಟ ಶಿಲುಬೆ ತೋರಿಸಿದ. ದಿನಚರಿಯ ಗುಟ್ಟನ್ನು ಬಯಲು ಮಾಡಿದ ಆ ದೃಶ್ಯ ಕಾದಂಬರಿಗಿಂತ ದೊಡ್ಡ ದನಿಯದು. ಎಂಡೊನ ಸಂಯಮ ಇಷ್ಟಪಟ್ಟವರಿಗೆ ಅದು ಸ್ವಲ್ಪ ಹೆಚ್ಚೆನ್ನಿಸುತ್ತದೆ.

ನಮ್ಮಲ್ಲೂ ನಂಬಿಕೆಯನ್ನು ಕೆಣಕಿದ ‘ಸಂಸ್ಕಾರ’ ಕಾದಂಬರಿ, ‘ಸೈಲೆನ್ಸ್’ ಹೊರಬಂದ ಹಿಂದಿನ ವರ್ಷವೇ ಬಂದಿತ್ತು. ಅದರ ಸಿನಿಮಾವನ್ನು ಮದರಾಸಿನ ಸೆನ್ಸಾರ್ ಮಂಡಳಿ ತಡೆದದ್ದೂ ಆಮೇಲೆ ಸ್ವರ್ಣಕಮಲ ಬಂದದ್ದೂ ಕನ್ನಡಿಗರಿಗೆ ಗೊತ್ತು. ಜಪಾನಿನ ಕಥೆ ಸಾಗಿದ ದಾರಿ ಬೇರೆ. ಅಲ್ಲಿ ಸರ್ಕಾರ ಮೂಗು ತೂರಿಸಲಿಲ್ಲ. ಮುನಿಸಿಕೊಂಡದ್ದೂ ಆಮೇಲೆ ಒಪ್ಪಿಕೊಂಡದ್ದೂ ಓದುಗ ಸಮುದಾಯವೇ. ಕಾದಂಬರಿಯನ್ನು 1969ರಲ್ಲಿ ಇಂಗ್ಲಿಷಿಗೆ ತಂದವನು ಸ್ವತಃ ಜೆಸ್ವಿಟ್ ಪಾದ್ರಿ ವಿಲಿಯಂ ಜಾನ್‌ಸ್ಟನ್. ವ್ಯಾಟಿಕನ್ ಎಂಡೊನಿಗೆ ಸಂತ ಸಿಲ್ವೆಸ್ಟರ್ ಗೌರವ ಕೊಟ್ಟಿತು. ನಾಗಾಸಾಕಿ ಪ್ರಾಂತದ ಸೊತೊಮೆ ಗುಪ್ತ ಕ್ರೈಸ್ತರ ಹಳೆಯ ನೆಲೆ, ಕಾದಂಬರಿಯ ತೊಮೊಗಿ ಹಳ್ಳಿಗೆ ಮಾದರಿ. ಅಲ್ಲಿ 1987ರಲ್ಲಿ ಕಾದಂಬರಿಯ ಸ್ಮಾರಕಶಿಲೆ ನಿಂತಿತು, 2000ದಲ್ಲಿ ಎಂಡೊ ಸಾಹಿತ್ಯ ಸಂಗ್ರಹಾಲಯ ತೆರೆಯಿತು. ಓದಬೇಡಿ ಎಂದ ನೆಲವೇ ಅವನ ಹಸ್ತಪ್ರತಿಗಳನ್ನು ಕಾಯುತ್ತಿದೆ.

ಹಾಗೆಂದು ಜಗಳ ಮುಗಿದಿಲ್ಲ. ಸ್ಕಾರ್ಸೆಸಿಯ ಸಿನಿಮಾ ಬಂದಾಗ ಲಾಸ್ ಏಂಜಲಿಸಿನ ಸಹಾಯಕ ಬಿಷಪ್ ಆಗಿದ್ದ ರಾಬರ್ಟ್ ಬ್ಯಾರನ್ ಕಟುವಾಗಿ ಬರೆದ. ಶತ್ರುನೆಲಕ್ಕೆ ಹೋಗಿ ಸಿಕ್ಕಿಬಿದ್ದು ದೇಶ ತೊರೆದು ಸುಖವಾಗಿ ಬದುಕಿದ ಸೈನಿಕನನ್ನು ಯಾರಾದರೂ ವೀರನೆನ್ನುತ್ತಾರೆಯೇ, ಮನದೊಳಗೇ ಅವಿತಿರುವ ನಂಬಿಕೆ ಅಧಿಕಾರಸ್ಥರಿಗೆ ಅನುಕೂಲವೇ ಅಲ್ಲವೇ ಎಂಬುದು ಅವನ ವಾದ. ಗಟ್ಟಿ ಪ್ರಶ್ನೆ. ಆದರೆ ಎಂಡೊ ತುಳಿಯದವರನ್ನು ಮರೆತಿದ್ದ ಎನ್ನುವವರು ಅವನ 1979ರ ‘ಬಂದೂಕು ಮತ್ತು ಶಿಲುಬೆ’ಯನ್ನೂ ನೋಡಬೇಕು. ಅದರ ನಾಯಕ ಪೆಟ್ರೊ ಕಿಬೆ. ಗೋವಾದವರೆಗೆ ಹಡಗಿನಲ್ಲಿ ಬಂದು, ಅಲ್ಲಿಂದ ನೆಲದ ದಾರಿಯಲ್ಲಿ ಪರ್ಷಿಯಾ, ಜೆರುಸಲೇಮ್ ಹಾದು ರೋಮ್ ಸೇರಿ 1620ರಲ್ಲಿ ಪಾದ್ರಿಯಾದ ಜಪಾನಿ. ಸಾಯುವುದು ಖಚಿತವೆಂದು ತಿಳಿದೂ ಊರಿಗೆ ಮರಳಿದ. ಫೆರೇರಾನನ್ನು ಬಗ್ಗಿಸಿದ ಅದೇ ಗುಂಡಿಯ ಶಿಕ್ಷೆಗೆ 1639ರಲ್ಲಿ ಎದೊದಲ್ಲಿ ಒಡ್ಡಿದರೂ ಕಿಬೆ ಬಗ್ಗಲಿಲ್ಲ, ಪಕ್ಕದಲ್ಲಿದ್ದವರಿಗೂ ಧೈರ್ಯ ತುಂಬಿದನೆಂದು ಅವನನ್ನು ಅಲ್ಲಿಂದ ತೆಗೆದು ಕೊಂದರು. 2008ರ ನವೆಂಬರ್ 24ರಂದು ನಾಗಾಸಾಕಿಯಲ್ಲಿ, ಜಪಾನಿನ ನೆಲದಲ್ಲಿ ಮೊದಲ ಬಾರಿಗೆ ನಡೆದ ಸಮಾರಂಭದಲ್ಲಿ, ಅವನನ್ನೂ ಇತರ 187 ಮಂದಿಯನ್ನೂ ಧನ್ಯರೆಂದು ಘೋಷಿಸಲಾಯಿತು. ಕಿಬೆಯ ಚರಿತ್ರೆಯನ್ನು ಎಂಡೊ ಬರೆದು ಆಗಲೇ ಮೂರು ದಶಕವಾಗುತ್ತ ಬಂದಿತ್ತು.