ಹಳೆಯ ಇಟ್ಟಿಗೆ ಚರ್ಚಿಗೆ ಸುಣ್ಣದ ಗಾರೆಯೇ ಏಕೆ?

ಉತ್ತರ ಜರ್ಮನಿಯ ಲ್ಯೂಬೆಕ್ ನಗರದ ಸೇಂಟ್ ಮೇರಿ ಚರ್ಚು, ಕಟ್ಟಡಕ್ಕೆ ಒದಗುವ ಕಲ್ಲು ವಿರಳವಾಗಿದ್ದ ಸೀಮೆಯಲ್ಲಿ 13 ಮತ್ತು 14ನೇ ಶತಮಾನಗಳಲ್ಲಿ ಸುಟ್ಟ ಇಟ್ಟಿಗೆಯಿಂದ ಮೇಲೆದ್ದ ಕಟ್ಟಡ. ಇಂತಹ ಗೋಡೆಗಳಲ್ಲಿ ಇಟ್ಟಿಗೆಗಳ ನಡುವಿನ ಸಂದುಗಳನ್ನು ತುಂಬಿದ ಗಾರೆಯೇ ಮೊದಲು ಸವೆಯುತ್ತದೆ, ಮತ್ತು ಇಟ್ಟಿಗೆಯನ್ನು ಕಾಯಲು ತಾನು ಸವೆಯುವುದೇ ಅದರ ಧರ್ಮ. ಸುಣ್ಣ ಮತ್ತು ಮರಳಿನ ಗಾರೆ ಇಟ್ಟಿಗೆಗಿಂತ ಮೃದುವಾಗಿದ್ದು, ತನ್ನ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ.

1824ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು ಮುಂದೆ ಹಳೆಯ ಕಟ್ಟಡಗಳ ದುರಸ್ತಿಗೂ ಬಳಕೆಯಾದಾಗ, ಬಿಗಿದ ಸಂದಿನಿಂದ ಹೊರಬರಲಾಗದ ನೀರು ಇಟ್ಟಿಗೆಯ ಮೂಲಕವೇ ದಾರಿ ಹುಡುಕಿತು. ಅದರೊಡನೆ ಬಂದ ಲವಣಗಳು ಹರಳುಗಟ್ಟಿ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖ ಪದರಪದರವಾಗಿ ಉದುರಿತು. ಜಿಪ್ಸಮ್ ಗಾರೆಯಿಂದ ಕಟ್ಟಿದ ಉತ್ತರ ಜರ್ಮನಿಯ ಗೋಡೆಗಳಲ್ಲಂತೂ ಹಾನಿ ಇನ್ನೂ ಘೋರ: ತೇವವಿದ್ದಲ್ಲಿ ಜಿಪ್ಸಮ್ಮಿನ ಸಲ್ಫೇಟು ಸಿಮೆಂಟಿನೊಡನೆ ಸೇರಿ, ಎಟ್ರಿಂಗೈಟ್ ಎಂಬ ಹಿಗ್ಗುವ ಖನಿಜವಾಗಿ, ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ.

ಆದ್ದರಿಂದ ಮರುಪಾಯಿಂಟಿಂಗ್, ಅಂದರೆ ಶಿಥಿಲ ಗಾರೆ ತೆಗೆದು ಹೊಸದನ್ನು ತುಂಬುವ ಕೆಲಸ, ಮೂಲ ಗಾರೆಯ ಪರೀಕ್ಷೆಯಿಂದಲೇ ಆರಂಭವಾಗಬೇಕು. ಸಡಿಲಗೊಂಡದ್ದನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಉಳಿಯಿಂದ ಬಿಡಿಸಿ, ಇಟ್ಟಿಗೆಯನ್ನು ನೆನೆಸಿ, ಮೂಲಕ್ಕೆ ಹೊಂದುವ ಗಾರೆಯನ್ನು ಪದರಪದರವಾಗಿ ಒತ್ತಿ, ಒದ್ದೆ ಗೋಣಿತಟ್ಟಿನ ಮರೆಯಲ್ಲಿ ನಿಧಾನವಾಗಿ ಒಣಗಲು ಬಿಡಬೇಕು. ಏಕೆಂದರೆ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗಲು ತೇವ ಬೇಕು. ಇನ್ನೂ ದೃಢವಾಗಿರುವ ಹಳೆಯ ಸುಣ್ಣದ ಗಾರೆಯನ್ನು ಮುಟ್ಟಲೇಬಾರದು.