ಕೆನಡಾಕ್ಕೆ ಖಾಯಂ ವಲಸೆ: ಶಿಫಾರಸು ಯಾರದು, ಅಪ್ಪಣೆ ಯಾರದು?

ಕಳೆದ ತಿಂಗಳು ಒಂದು ಸಂಜೆ ತರುಣರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಹನ್ನೊಂದು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದವರು. ಮಾಣಿಯಾಗಿ ಸೇರಿ ಈಗ ಮುಖ್ಯ ಅಡಿಗೆಯವರಾಗಿದ್ದಾರೆ. ಎಂಟು ಲಕ್ಷ ರೂಪಾಯಿ ಕಟ್ಟಿದರೆ ಮೂರು ತಿಂಗಳಲ್ಲಿ ಕೆನಡಾದ ಖಾಯಂ ನಿವಾಸಿಯಾಗಬಹುದೆಂದು ದಲ್ಲಾಳಿಯೊಬ್ಬನು ಅವರಿಗೆ ಆಸೆ ತೋರಿಸಿ, ‘ಪ್ರಾಂತೀಯ ನಾಮನಿರ್ದೇಶನ’ವೆಂದು ಒಂದು ಕಾಗದವನ್ನೂ ಕೊಟ್ಟಿದ್ದನು. ಊರಿನ ಅಡಿಕೆ ತೋಟವನ್ನು ಅಡವಿಡುವ ಮಾತು ನಡೆದಿತ್ತು. ನಾವು ಹೋಟೆಲು ನಡೆಸುತ್ತಿದ್ದ ಕಾಲದಿಂದ ನಮ್ಮನ್ನು ಬಲ್ಲವರಾದುದರಿಂದ, “ಧನಿಗಳೇ, ಇದನ್ನೊಮ್ಮೆ ಓದಿ ಹೇಳಬೇಕು” ಎಂದರು. ಓದಿ ನೋಡಲಾಗಿ, ಅದು ಯಾವನೋ ಮಾಲೀಕನು ನೌಕರಿ ಕೊಡುವೆನೆಂದು ಬರೆದ ಪತ್ರ. ಅದರಲ್ಲಿ ಪ್ರಾಂತ ಸರಕಾರದ ಹೆಸರೇ ಇರಲಿಲ್ಲ.

ಇಂತಹ ಕಾಗದಗಳು ನಮ್ಮ ಬಾಂಧವರಲ್ಲಿ ಇನ್ನೆಷ್ಟು ಮಂದಿಯ ಕೈಯಲ್ಲಿವೆಯೋ ಎಂಬ ಚಿಂತೆಯಿಂದ ಈ ಯೋಜನೆಯ ಸ್ವರೂಪವನ್ನು ವಾಚಕರ ಮುಂದಿಡುತ್ತಿದ್ದೇವೆ.

ಕೆನಡಾದ 1867ರ ಸಂವಿಧಾನ ಶಾಸನದ 95ನೆಯ ಕಲಮಿನಂತೆ ವಲಸೆಯ ವಿಷಯದಲ್ಲಿ ಕೇಂದ್ರಕ್ಕೂ ಪ್ರಾಂತಗಳಿಗೂ ಅಧಿಕಾರವುಂಟು. ಆದರೂ ಹೊಸಬರಲ್ಲಿ ಬಹುಮಂದಿ ಟೊರೊಂಟೊ, ಮಾಂಟ್ರಿಯಲ್, ವ್ಯಾಂಕೂವರ್ ನಗರಗಳಲ್ಲೇ ನೆಲೆಸುತ್ತಿದ್ದರು. ಬಯಲು ಸೀಮೆಯ ಮತ್ತು ಅಟ್ಲಾಂಟಿಕ್ ಕರಾವಳಿಯ ಪ್ರಾಂತಗಳಿಗೆ ದುಡಿಯುವ ಕೈಗಳು ಸಾಲದಾದುವು. ಆದುದರಿಂದ ತನಗೆ ಬೇಕಾದವರನ್ನು ಪ್ರಾಂತವೇ ಆರಿಸಿ ಹೆಸರಿಸುವ ಪದ್ಧತಿ 1998ರಲ್ಲಿ ಮ್ಯಾನಿಟೋಬಾದಲ್ಲಿ ಜಾರಿಗೆ ಬಂದಿತು. ಇಂದು ಒಂಬತ್ತು ಪ್ರಾಂತಗಳೂ, ಯೂಕಾನ್ ಮತ್ತು ವಾಯವ್ಯ ಪ್ರದೇಶಗಳೂ ಈ ಯೋಜನೆಯಲ್ಲಿವೆ. ಕ್ವಿಬೆಕ್ ಪ್ರಾಂತವು 1991ರ ಒಪ್ಪಂದದಂತೆ ತನ್ನದೇ ಆಯ್ಕೆ ನಡೆಸುತ್ತದೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದುದು ಒಂದೇ. ಊರಿನಿಂದ ಹುಡುಗನೊಬ್ಬ ಬಂದಾಗ ಹಳೆಯ ಭಟ್ಟರು, “ನಮ್ಮ ಕಡೆಯವನು, ನಂಬಬಹುದು” ಎನ್ನುತ್ತಿದ್ದರು. ಅದು ಶಿಫಾರಸು. ಇಟ್ಟುಕೊಳ್ಳುವುದು ಬಿಡುವುದು ಧನಿಗಳಿಗೆ ಸೇರಿದ್ದು. ಅಂತೆಯೇ ಪ್ರಾಂತದ ನಾಮನಿರ್ದೇಶನವೂ ಶಿಫಾರಸು. ಖಾಯಂ ವಾಸದ ಹಕ್ಕನ್ನು ಕೊಡುವುದು ಕೇಂದ್ರ ಸರಕಾರ. ಆರೋಗ್ಯ, ಅಪರಾಧದ ದಾಖಲೆ, ದೇಶದ ಭದ್ರತೆ ಇವುಗಳನ್ನು ಪರೀಕ್ಷಿಸಿದ ಮೇಲೆಯೇ ಅಪ್ಪಣೆ. 2015ರಲ್ಲಿ ಆರಂಭವಾದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಕೇಂದ್ರದ ಯಾದಿಯಲ್ಲಿ ನಾಮನಿರ್ದೇಶಿತನಿಗೆ 600 ಅಂಕ ಹೆಚ್ಚಾಗಿ ದೊರೆಯುವುದು ನಿಜ. ಆದರೆ ಈ ಪರೀಕ್ಷೆಗಳು ಅವನಿಗೂ ತಪ್ಪವು.

ಇನ್ನು ನಮ್ಮವರ ಕಸುಬಿನ ಮಾತು. 2022ರ ನವೆಂಬರಿನಿಂದ ಕೆಲಸಗಳನ್ನು 0ಯಿಂದ 5ರ ವರೆಗೆ ವರ್ಗೀಕರಿಸಿದ್ದಾರೆ. ಹೋಟೆಲಿನ ಮೆನೇಜರರು 0, ಶೆಫ್ 2, ಅಡಿಗೆಯವರು 3, ಬಡಿಸುವವರೂ ಅಡಿಗೆಮನೆಯ ಸಹಾಯಕರೂ 5. ಲೆಕ್ಕಪತ್ರ ಬರೆಯುವವರು 2, ಸಾಮಾನ್ಯ ಗುಮಾಸ್ತರು 4. ‘ಎಕ್ಸ್‌ಪ್ರೆಸ್ ಎಂಟ್ರಿ’ಗೆ 0ಯಿಂದ 3ರ ವರೆಗಿನವರು ಮಾತ್ರ ಅರ್ಹರು. ಉಳಿದವರಿಗೆ ಕೆಲವು ಪ್ರಾಂತಗಳ ಬೇರೆ ದಾರಿಗಳುಂಟು. ಅಲ್ಲಿಯೂ ಇಂಗ್ಲಿಷಿನ ಅಥವಾ ಫ್ರೆಂಚಿನ ಪರೀಕ್ಷೆ ತಪ್ಪಿದ್ದಲ್ಲ.

ಬಂಡವಾಳ ಹೂಡುವವರಿಗೂ ದಾರಿಯುಂಟು. ಆದರೆ ಹಣವು ಎಲ್ಲಿಂದ ಬಂತೆಂದು ತೋರಿಸಬೇಕು. ಸಾಮಾನ್ಯವಾಗಿ ಮೊದಲು ತಾತ್ಕಾಲಿಕ ಪರವಾನಗಿಯ ಮೇಲೆ ಹೋಗಿ, ವ್ಯಾಪಾರವನ್ನು ಸ್ವತಃ ನಡೆಸಿ, ಒಪ್ಪಿದ ಷರತ್ತುಗಳನ್ನು ಪೂರೈಸಿದ ಮೇಲೆಯೇ ನಾಮನಿರ್ದೇಶನ. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಹಿಂದೆ ಠೇವಣಿ ಇಟ್ಟವರಿಗೆ ಮೊದಲೇ ಖಾಯಂ ಹಕ್ಕು ದೊರೆಯುತ್ತಿತ್ತು. ಅನೇಕರು ಠೇವಣಿಯನ್ನು ಅಲ್ಲಿಯೇ ಬಿಟ್ಟು ದೊಡ್ಡ ನಗರಗಳಿಗೆ ತೆರಳಿದರು. 2018ರಲ್ಲಿ ಆ ದಾರಿಯನ್ನು ಮುಚ್ಚಲಾಯಿತು.

ಪ್ರಾಂತವು ಕರೆಯುವುದು ತನ್ನಲ್ಲಿ ನೆಲೆಸಲೆಂದು. ಖಾಯಂ ನಿವಾಸಿಯಾದವನಿಗೆ ದೇಶದಲ್ಲಿ ಎಲ್ಲಿಯಾದರೂ ವಾಸಿಸುವ ಸ್ವಾತಂತ್ರ್ಯವನ್ನು ಅಲ್ಲಿಯ ಹಕ್ಕುಗಳ ಸನ್ನದು ಕೊಟ್ಟಿದೆಯಾದರೂ, ಅರ್ಜಿಯಲ್ಲಿ ಸುಳ್ಳು ಹೇಳಿದವನಿಗೆ ಐದು ವರ್ಷ ಪ್ರವೇಶ ನಿಷೇಧವಾಗುತ್ತದೆ. ಸುಳ್ಳನ್ನು ದಲ್ಲಾಳಿಯೇ ಬರೆದಿದ್ದರೂ ಅರ್ಜಿಯ ಮೇಲಿನ ರುಜು ನಮ್ಮದು.

ಸ್ಥಳಗಳೂ ಮಿತಿಯುಳ್ಳವು. 2024ಕ್ಕೆ ಈ ಯೋಜನೆಯಲ್ಲಿ 1,10,000 ಮಂದಿಯ ಗುರಿಯಿಟ್ಟಿದ್ದ ಕೇಂದ್ರ ಸರಕಾರವು 2025ಕ್ಕೆ ಅದನ್ನು 55,000ಕ್ಕೆ ಇಳಿಸಿತು. ಅದೇ ವರ್ಷ ಸಸ್ಕಾಚುವಾನ್ ಪ್ರಾಂತವು ವಸತಿ ಮತ್ತು ಭೋಜನದ ವ್ಯವಸಾಯದವರಿಗೆ ಕೊಡುವ ನಾಮನಿರ್ದೇಶನಗಳಿಗೆ ಮಿತಿ ಹಾಕಿತು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹಣ ಕಟ್ಟುವ ಮೊದಲು ಆಯಾ ಪ್ರಾಂತ ಸರಕಾರದ ಪ್ರಕಟಣೆಯನ್ನೇ ನೋಡತಕ್ಕದ್ದು.

ನಾಮನಿರ್ದೇಶನವನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಹಣ ಪಡೆದು ಸಲಹೆ ಕೊಡುವವರು ಕೆನಡಾದ ವಕೀಲರಾಗಿರಬೇಕು, ಇಲ್ಲವೆ ಅಲ್ಲಿಯ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಪಡೆದಿರಬೇಕು. ಪರವಾನಗಿ ಉಳ್ಳವರ ಯಾದಿಯನ್ನು ಯಾರು ಬೇಕಾದರೂ ನೋಡಬಹುದು. ಕೆಲಸ ಕೊಡಿಸಿದ್ದಕ್ಕೆಂದು ಕೆಲಸಗಾರನಿಂದ ಹಣ ಕೀಳುವುದು ಮ್ಯಾನಿಟೋಬಾ, ಸಸ್ಕಾಚುವಾನ್ ಮೊದಲಾದೆಡೆ ಕಾಯಿದೆಗೆ ವಿರುದ್ಧ.

ಆ ತರುಣರಿಗೆ ನಿಜವಾಗಿ ಬೇಕಾಗಿದ್ದುದು ಎಂಟು ಲಕ್ಷವಲ್ಲ. ಹನ್ನೊಂದು ವರ್ಷದ ದುಡಿಮೆಗೆ ಪುರಾವೆ. ಕೆಲಸ ಮಾಡಿದ್ದು ನಾಲ್ಕು ಹೋಟೆಲುಗಳಲ್ಲಿ. ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ಲೆಕ್ಕ ಇರುವುದು ಒಂದರದ್ದು ಮಾತ್ರ. ಉಳಿದೆಡೆ ಕೈಗೆ ನಗದು, ಬಾಯಿಗೆ ಉಪಚಾರ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಹೋಟೆಲು ನಡೆಸುತ್ತಿದ್ದಾಗ ನಾವೂ ಎಷ್ಟೋ ಹುಡುಗರನ್ನು ಒಳ್ಳೆಯ ಮಾತಿನಿಂದ ಬೀಳ್ಕೊಟ್ಟೆವೇ ಹೊರತು ಸೇವೆಯ ಪತ್ರ ಬರೆದುಕೊಡಲಿಲ್ಲ.

ತರುಣರು ಹಣ ಕಟ್ಟಲಿಲ್ಲ, ತೋಟವು ಉಳಿದಿದೆ. ಈಗ ಕೆಲಸ ಮುಗಿದ ಮೇಲೆ ಇಂಗ್ಲಿಷ್ ಕಲಿಯಲು ಹೋಗುತ್ತಾರೆ. ರಜೆಯ ದಿನ ಹಳೆಯ ಧನಿಗಳ ಬಾಗಿಲಿಗೆ ಹೋಗಿ ಪತ್ರ ಕೇಳುತ್ತಾರೆ. ಒಬ್ಬರು ಕೊಟ್ಟಿದ್ದಾರೆ, ಇಬ್ಬರು ನಾಳೆ ಬಾ ಎಂದಿದ್ದಾರೆ. ಹೋಟೆಲು ಮಾಲೀಕರಲ್ಲಿ ನಮ್ಮ ವಿನಂತಿ ಇಷ್ಟೇ: ಸೇರಿದ ತಾರೀಕು, ಬಿಟ್ಟ ತಾರೀಕು, ಮಾಡಿದ ಕೆಲಸ, ಕೊಟ್ಟ ಸಂಬಳ ಇವನ್ನು ಒಂದು ಹಾಳೆಯಲ್ಲಿ ಬರೆದು ರುಜು ಹಾಕಿ ಕೊಡಿರಿ. ಇದ್ದುದನ್ನು ಇದ್ದಂತೆ ಬರೆದರೆ ಸಾಕು. ಆ ಹುಡುಗನು ಕೆನಡಾಕ್ಕೆ ಹೋಗಲಿ, ಮುಂಬಯಿಯಲ್ಲೇ ಉಳಿಯಲಿ, ಅದು ಅವನು ದುಡಿದು ಸಂಪಾದಿಸಿದ ಪತ್ರ.