ಎಚ್.ಐ.ವಿ. ಸೋಂಕಿತರ ಬುದ್ಧಿಹ್ರಾಸ: ರಕ್ತದ ಕುರುಹುಗಳ ಪ್ರಾಮಾಣ್ಯವಿಚಾರ

ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ನಿಶ್ಚಯಿಸುವದು ನ್ಯಾಯಶಾಸ್ತ್ರದಲ್ಲಿ ಪ್ರಸಿದ್ಧವಾದ ಅನುಮಾನವು. ಇಲ್ಲಿ ಹೊಗೆಯು ಲಿಂಗ, ಬೆಂಕಿಯು ಸಾಧ್ಯ. ಇಂದಿನ ವೈದ್ಯರು ರಕ್ತದಲ್ಲಿ ಅರಸುವ ರೋಗನಿರೋಧದ ಕುರುಹುಗಳೂ ಇಂಥ ಲಿಂಗಗಳೇ. ಎಚ್.ಐ.ವಿ. ಸೋಂಕಿತರಲ್ಲಿ ಕೆಲವರಿಗೆ ನೆನಪು, ಅವಧಾನ, ಕೈಚುರುಕು ಕುಂದುವವು. ಆ ಕುಂದನ್ನು ಈ ಲಿಂಗಗಳಿಂದಲೇ ನಿಶ್ಚಯಿಸಬಹುದೆ ಎಂಬದು ಪ್ರಕೃತ ವಿಚಾರವು.

ಮೊದಲು ಕಾರಣಕ್ರಮವನ್ನು ತಿಳಿಯತಕ್ಕದ್ದು. ಈ ವಿಷಾಣುವು ನರಕೋಶಗಳನ್ನು ತಾನೇ ಹೊಕ್ಕು ಕೆಡಿಸುವದು ವಿರಳ. ರಕ್ತದ ಮಾನೋಸೈಟ್ ಎಂಬ ಬಿಳಿಯ ಕಣಗಳೊಡನೆ ಮೆದುಳನ್ನು ಸೇರಿ, ಅಲ್ಲಿಯ ರಕ್ಷಕಕೋಶಗಳಲ್ಲಿ ನೆಲೆಗೊಳ್ಳುವದು. ಕ್ಷೋಭೆಗೊಂಡ ಆ ಕೋಶಗಳು ಸ್ರವಿಸುವ ದ್ರವ್ಯಗಳಿಂದ ನೆರೆಯ ನರಕೋಶಗಳಿಗೆ ಹಾನಿಯಾಗುವದು. ಆದ್ದರಿಂದ ಸಿ.ಡಿ.೪ ಕಣಗಳ ಇಳಿಕೆ, ನಿಯೋಪ್ಟೆರಿನ್ ದ್ರವ್ಯದ ಏರಿಕೆ, ಮಾನೋಸೈಟುಗಳು ಕಳಚಿಬಿಡುವ ಸಿ.ಡಿ.೧೪, ಸಿ.ಡಿ.೧೬೩ ಎಂಬ ಅಂಶಗಳು ಕುರುಹುಗಳೆನಿಸಿವೆ.

ಲಿಂಗಕ್ಕೂ ಸಾಧ್ಯಕ್ಕೂ ವ್ಯಾಪ್ತಿ ಇರಬೇಕಷ್ಟೆ. ಸಿ.ಡಿ.೪ ಎಣಿಕೆಯು ಹಿಂದೊಮ್ಮೆ ಬಹಳ ಇಳಿದಿದ್ದವರಿಗೆ ಅಪಾಯ ಹೆಚ್ಚು. ಆದರೆ ಎಣಿಕೆ ಚೇತರಿಸಿದವರಲ್ಲಿಯೂ ಕುಂದು ಉಳಿಯುವದುಂಟು. ನಿಯೋಪ್ಟೆರಿನ್ ಕ್ಷಯರೋಗದಲ್ಲಿಯೂ ಏರುವದು. ಕ್ಷಯವಾದರೋ ಈ ಸೋಂಕಿತರಿಗೆ ಸುಲಭವಾಗಿ ತಗಲುವ ವ್ಯಾಧಿ. ಆದಕಾರಣ ಒಂದೊಂದು ಲಿಂಗವೂ ಬಿಡಿಯಾಗಿ ಸವ್ಯಭಿಚಾರವೇ ಸರಿ.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಭಾರತದಲ್ಲಿ ಹೆಚ್ಚಾಗಿ ಹಬ್ಬಿದ 'ಸಿ' ಉಪಜಾತಿಯ ವಿಷಾಣುವಿನ ಟ್ಯಾಟ್ ಪ್ರೋಟೀನಿನ ೩೧ನೆಯ ಸ್ಥಾನದಲ್ಲಿ ಸಿಸ್ಟೀನ್ ಬದಲಾಗಿ ಸೆರೀನ್ ಇರುವದರಿಂದ, ಮಾನೋಸೈಟುಗಳನ್ನು ಸೆಳೆಯುವ ಅದರ ಶಕ್ತಿ ಕುಂದಿದೆಯೆಂದು ಬೆಂಗಳೂರಿನ ಜವಾಹರಲಾಲ್ ನೆಹರು ಸಂಶೋಧನ ಕೇಂದ್ರದ ಉದಯಕುಮಾರ ರಂಗ ಮತ್ತು ಸಂಗಡಿಗರು ೨೦೦೪ರಲ್ಲಿ ತೋರಿಸಿದರು. ಹೀಗಿರಲು ಇಲ್ಲಿಯವರಿಗೆ ಬುದ್ಧಿಹ್ರಾಸವು ತಟ್ಟದೆಂದು ಊಹಿಸಬಹುದಾಗಿದ್ದಿತು. ಆದರೆ ೨೦೦೭ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಂಸ್ಥೆಯವರ ಪರೀಕ್ಷೆಯಲ್ಲಿ, ವಿಷಾಣುವಿನ ಔಷಧವನ್ನು ಇನ್ನೂ ತೊಡಗದ ದಕ್ಷಿಣಭಾರತದ ೧೧೯ ವಯಸ್ಕ ಸೋಂಕಿತರಲ್ಲಿ ನೂರಕ್ಕೆ ಸುಮಾರು ೬೦ ಮಂದಿಗೆ ಅಲ್ಪ ಅಥವಾ ಮಧ್ಯಮ ಕುಂದು ಕಂಡಿತು. ತೀವ್ರವಾದುದು ಒಬ್ಬರಲ್ಲಿಯೂ ಇರಲಿಲ್ಲ. ಮನಸ್ಸನ್ನೇ ಪರೀಕ್ಷಿಸದೆ ಈ ಸಂಗತಿಯು ತಿಳಿಯುತ್ತಿರಲಿಲ್ಲ.

ಮನಸ್ಸಿನ ಪರೀಕ್ಷೆಗಾದರೋ ಭಾಷೆಯು ಬೇಕು. ೨೦೦೫ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾಪಕದಲ್ಲಿ ನಾಲ್ಕು ಶಬ್ದಗಳನ್ನು ಹೇಳಿ, ಬೆರಳು ಬಡಿತ, ಕೈಯ ಭಂಗಿಗಳ ಅನುಕರಣ ಮಾಡಿಸಿ, ಬಳಿಕ ಆ ಶಬ್ದಗಳನ್ನು ಕೇಳುವರು. ೧೨ರಲ್ಲಿ ೧೦ ಅಥವಾ ಕಡಿಮೆ ಅಂಕ ಬಂದರೆ ಮುಂದಿನ ಪರೀಕ್ಷೆಯು ಅವಶ್ಯ. ಹೆಚ್ಚು ವಿಸ್ತಾರವಾದ ಪರೀಕ್ಷೆಗಳಲ್ಲಿ ಶಬ್ದಗಳ ಪಟ್ಟಿಯೇ ಉಂಟು. ಬೆಂಗಳೂರಿನ 'ಈರುಳ್ಳಿ', 'ಕಡಲೆಕಾಯಿ'ಗಳು ವಿಜಯಪುರದಲ್ಲಿ 'ಉಳ್ಳಾಗಡ್ಡಿ', 'ಶೇಂಗಾ' ಆಗುವವು. ತಿಕೋಟೆಯ ದ್ರಾಕ್ಷಿತೋಟದಲ್ಲಿ ದುಡಿಯುವ ಅನಕ್ಷರಸ್ಥ ಹೆಣ್ಣುಮಗಳು, ಬಬಲೇಶ್ವರದ ಮುದುಕ ಒಕ್ಕಲಿಗ—ಇವರು ಪರಿಚಯವಿಲ್ಲದ ಶಬ್ದವನ್ನು ಮರೆತರೆ, ಅದು ವ್ಯಾಧಿಯ ಕಾರ್ಯವೋ ಶಬ್ದದ ದೋಷವೋ? ನಗರದಲ್ಲಿ ದಖನಿಯನ್ನೂ ಮರಾಠಿಯನ್ನೂ ಮನೆಮಾತಾಗಿ ಉಳ್ಳವರ ಮಾತೂ ಇದೇ. ಶಾಲಾಶಿಕ್ಷಣವೂ ಇಲ್ಲಿ ಉಪಾಧಿಯಾಗುವದರಿಂದಲೇ ನಿಮ್ಹಾನ್ಸ್ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ವಿದ್ಯೆಗಳಿಗನುಸಾರವಾಗಿ ಬೇರೆಬೇರೆ ಪ್ರಮಾಣಗಳನ್ನು ಇಟ್ಟಿರುವರು.

ತಪ್ಪು ನಿರ್ಣಯದ ಫಲವು ಲಘುವಲ್ಲ. ಸರಕಾರವು ೨೦೦೪ರಿಂದ ಉಚಿತವಾಗಿ ಕೊಡುವ ಔಷಧವನ್ನು ನಿತ್ಯವೂ ನೆನಪಿಟ್ಟು ಸೇವಿಸಬೇಕು. ಮರೆವು ಮೇಲಿಂದ ಮೇಲೆ ಬಂದರೆ ವಿಷಾಣುವು ಮತ್ತೆ ಪ್ರಬಲಿಸುವದು. ನಿಜವಾದ ಕುಂದನ್ನು ಮನೆಯವರು ಅಲಕ್ಷ್ಯವೆಂದು ಬೈದರೆ ರೋಗಿಗೆ ನೆರವು ತಪ್ಪುವದು. ಇಲ್ಲದ ಕುಂದನ್ನು ಹೊರಿಸಿದರೆ ಕೂಲಿಯೂ ಮರ್ಯಾದೆಯೂ ಹೋಗುವವು.

ರಕ್ತದ ಲಿಂಗಗಳನ್ನು ಅಳೆಯುವದು ವೈದ್ಯರ ಕೆಲಸ. ಯಾವ ಊರಿನಲ್ಲಿ ಯಾವ ಶಬ್ದವು ಎಲ್ಲರ ಬಾಯಲ್ಲಿದೆ, ಯಾವದು ಪುಸ್ತಕದಲ್ಲಿ ಮಾತ್ರವಿದೆ ಎಂಬದನ್ನು ಸಂಗ್ರಹಿಸಿ ಅವರಿಗೆ ಒದಗಿಸುವದು ಭಾಷಾಪಂಡಿತರ ಕೆಲಸ. ಈ ಕಾರ್ಯವನ್ನು ವಿಜಯಪುರ ಸೀಮೆಯ ಅಧ್ಯಾಪಕರು ಕೈಕೊಳ್ಳಬೇಕೆಂದು ವಿಜ್ಞಾಪಿಸುತ್ತೇನೆ.